ಹಿಮ್ಮೇಳದವನು ಗಿಟಾರು ಕೇಳಲು ಹೋದದ್ದು

ಒಂದು ಕಡೆ ಸುಮ್ಮನೆ ಕೂತು ಹಾಡು ಕೇಳುವುದು ಕಷ್ಟದ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಡುವುದು ಕಷ್ಟ, ಒಪ್ಪುತ್ತೇನೆ. ಹಾರ್ಮೋನಿಯಂ ನುಡಿಸುವುದು ಇನ್ನೂ ಕಷ್ಟ. ಕೇಳುವುದಕ್ಕೆ ಏನು ಬೇಕು? ಎರಡು ಕಿವಿ, ಕೂರಲು ಒಂದಿಷ್ಟು ಜಾಗ. ಕಿವಿ ನನ್ನವೇ ಇದ್ದವು, ಜಾಗ ಅವರು ಕೊಡುತ್ತಿದ್ದರು. ಇಷ್ಟು ಬಂಡವಾಳ ನಂಬಿಕೊಂಡು ನಾನು ಹೆಂಡತಿಯನ್ನು ಕರೆದುಕೊಂಡು ಗಜೇಂದ್ರಗಡದಿಂದ ನರಗುಂದಕ್ಕೆ ಹೊರಟೆ. ಬಂದ ಮೇಲೆ ಎರಡು ದಿನ ಮೈಕೈ ನೋವು!

ಮೊದಲು ನನ್ನ ರೋಗ ಏನೆಂದು ಹೇಳಬೇಕು. ನಾನು ಶೇಖಪ್ಪ, ಸೀರೆ ನೇಯುವವನು. ಹಗಲೆಲ್ಲ ಮಗ್ಗ. ಸೋಮವಾರ ಸಂಜೆ ಗುಡಿಯಲ್ಲಿ ಭಜನೆ. ಭಜನೆಯಲ್ಲಿ ಒಬ್ಬ ಮುಂದೆ ಕೂತು ಒಂದು ಸಾಲು ಹಾಡುತ್ತಾನೆ, ಹಿಂದೆ ಕೂತವರು ಅದೇ ಸಾಲನ್ನು ತಿರುಗಿ ಹಾಡುತ್ತೇವೆ. ಅದು ಹಿಮ್ಮೇಳ. ಹಿಂದಿನವರು ಎತ್ತಿಕೊಳ್ಳಲಿಲ್ಲ ಎಂದರೆ ಮುಂದಿನವನಿಗೆ ಅವಮಾನ. ಹಾಡು ಸೇರಲಿಲ್ಲ ಅಥವಾ ನಿದ್ದೆ ಹೊಡೆಯುತ್ತಿದ್ದಾರೆ ಎಂದು ಅರ್ಥ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದೇ ಒಂದು ಸಾಲನ್ನು ನೆಲಕ್ಕೆ ಬೀಳಲು ಬಿಟ್ಟವನಲ್ಲ. ಇದರ ಬಗ್ಗೆ ನನಗೆ ಅಭಿಮಾನವಿತ್ತು. ಇತ್ತು ಎಂದು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಅಭಿಮಾನ ನಿಧಾನವಾಗಿ ಚಟವಾಯಿತು. ಬಸ್ಸಿನಲ್ಲಿ ಕಂಡಕ್ಟರ್ "ರೋಣ, ರೋಣ, ರೋಣ!" ಎಂದು ಕೂಗಿದರೆ ನಾನು ಹಿಂದಿನ ಸೀಟಿನಿಂದ "ರೋಣ, ರೋಣ!" ಎನ್ನುತ್ತೇನೆ. ಒಮ್ಮೆ ದವಾಖಾನೆಯಲ್ಲಿ ಡಾಕ್ಟರರು "ಹದಿನೈದು ದಿನ ಖಾರ ಬಿಡಬೇಕು" ಎಂದಾಗ ನಾನು ಕಣ್ಣು ಮುಚ್ಚಿ, ತೊಡೆ ತಟ್ಟಿ, "ಖಾರ ಬಿಡಬೇಕೂ" ಎಂದು ಎಳೆದೆ. ಅವರು ಇನ್ನೊಂದು ಗುಳಿಗೆ ಬರೆದುಕೊಟ್ಟರು.

ಇಂಥವನ ಮನೆಗೆ ಒಂದು ಕ್ಯಾಸೆಟ್ ಬಂತು. ತಂದುಕೊಟ್ಟವನು ಬಸ್‌ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ದಾವಲಸಾಬ, ನನ್ನ ಜೊತೆ ಸಾಲಿ ಕಲಿತ ಗೆಳೆಯ. ಹಾಡುವವನ ಹೆಸರು ಕಲ್ಲೇಶಿ ಅಂತೆ. ಮೂವತ್ತರ ಒಳಗಿನವನು. ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಪದ ಕಟ್ಟಿ, ತಾನೇ ಗಿಟಾರು ಬಾರಿಸಿ, ತಾನೇ ಕ್ಯಾಸೆಟ್ ಮಾಡಿ ಚೀಲದಲ್ಲಿ ಹೊತ್ತು ಊರೂರು ತಿರುಗುವವನು. ಪದಗಳೆಲ್ಲ ನಮ್ಮ ಹೊಲಮನೆಯವೇ, ಧಾಟಿಯೂ ನಮ್ಮದೇ. ಹಾರ್ಮೋನಿಯಂ ಇರುವ ಜಾಗದಲ್ಲಿ ಗಿಟಾರು ಬಂದಿದೆ, ಅಷ್ಟೇ.

ನನ್ನ ಹೆಂಡತಿ ಗಂಗವ್ವ ಆ ಕ್ಯಾಸೆಟ್ಟಿಗೆ ಮರುಳಾದಳು. ಅದರಲ್ಲಿಯೂ ಒಂದು ಹಾಡಿಗೆ. "ಹಗ್ಗ ಬಂತವ್ವಾ ಮ್ಯಾಲ, ಕೊಡಾ ಬರಲಿಲ್ಲಾ" ಎಂದು ಶುರುವಾಗುತ್ತದೆ. ಬಾವಿಗೆ ಹೋದ ಒಬ್ಬ ಹೆಣ್ಣುಮಗಳ ಹಾಡು. ಭಾಳ ಸಾವಕಾಶ, ಭಾಳ ಮೆತ್ತಗೆ. ಮಧ್ಯಾಹ್ನ ನಾನು ಮಗ್ಗದ ಕುಣಿಯಲ್ಲಿ ಇಳಿದು ನೇಯುತ್ತಿದ್ದರೆ ಅವಳು ಪಕ್ಕದಲ್ಲಿ ರಾಟಿ ಹಿಡಿದು ನನಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತ ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಎರಡು ವರ್ಷವೂ ಪ್ರತಿ ಸಾಲನ್ನು ನಾನು ತಿರುಗಿ ಹಾಡಿದೆ. ಕ್ಯಾಸೆಟ್ಟಿನಲ್ಲಿ ಹಿಮ್ಮೇಳವೇ ಇರಲಿಲ್ಲ. ಪಾಪ, ಒಬ್ಬನೇ ಹಾಡುತ್ತಾನಲ್ಲ ಎಂದು ನನಗೆ ಕರುಳು ಚುರ್‌ ಎನ್ನುತ್ತಿತ್ತು.

ಹೀಗಿರುವಾಗ ದಾವಲಸಾಬ ಒಂದು ಕರಪತ್ರ ತಂದ. ಬರುವ ಭಾನುವಾರ ನಾಲ್ಕು ಗಂಟೆಗೆ ನರಗುಂದದಲ್ಲಿ ಕಲ್ಲೇಶಿಯ ಹಾಡು. ಹಾಲ್‌ನಲ್ಲಿ. ಪ್ರವೇಶ ಎಲ್ಲರಿಗೂ ಮುಕ್ತ. ಗಂಗವ್ವ ಕರಪತ್ರವನ್ನು ಎರಡು ಸಲ ಓದಿದಳು. ರಾಟಿ ನಿಲ್ಲಿಸಿದಳು.

"ಏನ್ರಿ, ನಾ ನಿಮ್ಮನ್ನ ಇಷ್ಟ ವರ್ಷದಾಗ ಏನರ ಕೇಳೇನೇನ್ರಿ?" ಎಂದಳು.

ಹೆಂಡತಿ ಹೀಗೆ ಶುರು ಮಾಡಿದರೆ ಗಂಡ ಮಗ್ಗದಿಂದ ಮೇಲೆ ಬಂದು ಕೂರುವುದು ಕ್ಷೇಮ. ಬಂದು ಕೂತೆ.

"ಇಲ್ಲ ಬಿಡ. ಏನ ಬೇಕ ಹೇಳ."

"ಆ ಕೊಡದ ಹಾಡ ಒಂದ ಸಲ ಪೂರ್ತಿ ಕೇಳಬೇಕಂತ ಆಸೆ ಐತ್ರಿ."

"ದಿನಾ ಕೇಳತೀಯಲ್ಲ!"

"ನಿಮ್ಮ ದನಿ ಇಲ್ದ ಕೇಳಬೇಕ್ರಿ," ಎಂದಳು.

ಬಾಗಿಲಲ್ಲಿ ನಿಂತಿದ್ದ ದಾವಲಸಾಬ ಕೆಮ್ಮಿದ. ಅದು ಕೆಮ್ಮಲ್ಲ, ನಗು. ಖರೇ ಹೇಳುತ್ತೇನೆ, ನನಗೆ ಬೇಜಾರಾಯಿತು. ಆದರೆ ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ನಾನು ಎದೆ ಮುಟ್ಟಿಕೊಂಡು, "ಆ ಹಾಡ ಮುಗಿಯೂತನಾ ತುಟಿ ಪಿಟಕ್ಕನ್ನಂಗಿಲ್ಲ. ಮಾತ ಅಂದ್ರ ಮಾತ," ಎಂದು ವಚನ ಕೊಟ್ಟೆ.

"ಶೇಖಪ್ಪಣ್ಣ, ವಚನಾನೂ ಎಳದ ಎಳದ ಕೊಡಬ್ಯಾಡಪಾ," ಎಂದ ದಾವಲಸಾಬ.

ಭಾನುವಾರ ಬಂತು. ಗಂಗವ್ವ ಹನ್ನೊಂದಕ್ಕೇ ತಯಾರು. ನಾನು ಗುರುವಿನಂತೆ ನಕ್ಕೆ. "ಹುಚ್ಚಿ, ನಾಕ ಅಂತ ಹಾಕ್ಯಾರ ಅಂದ್ರ ಆರಕ್ಕ ಶುರು ಆಗತೈತಿ. ಮೊದಲ ದೀಪ ಹಚ್ಚಬೇಕು. ಆಮ್ಯಾಲ ಸ್ವಾಗತ, ಪ್ರಾಸ್ತಾವಿಕ, ನಾಕ ಮಂದಿ ಭಾಷಣ. ಹಾರ ಹಾಕಿಸ್ಕೊಳ್ಳೋರ ದೊಡ್ಡ ಪಾಳಿ ಇರತೈತಿ. ಹಾಡಾವಗ ಮೈಕ್ ಸಿಗೂದ ಎಲ್ಲಾರೂ ದಣದ ಮ್ಯಾಲ." ನಮ್ಮ ಕಡೆಯ ಕಾರ್ಯಕ್ರಮಗಳನ್ನು ಕಂಡವರು ಯಾರೂ ಇದನ್ನು ತಪ್ಪು ಎನ್ನಲಾರರು. ಆದ್ದರಿಂದ ರೋಣದಲ್ಲಿ ಬಸ್ಸು ಬದಲಿಸುವಾಗ ನಾನು ಗಿರ್ಮಿಟ್ಟು, ಮಿರ್ಚಿ ಭಜಿ ತಿನ್ನಲು ಕೂತೆ. ಮಿರ್ಚಿ ಆಗ ತಾನೇ ಬಾಣಲೆಗೆ ಬಿದ್ದಿತ್ತು. ಬಿಸಿ ಬಿಸಿ ತಿಂದು ಎದ್ದೆವು. ಅಷ್ಟರಲ್ಲಿ ನರಗುಂದದ ಬಸ್ಸು ನಮ್ಮನ್ನು ಬಿಟ್ಟು ಹೋಗಿತ್ತು. "ಹೋಗಲಿ ಬಿಡ, ಇನ್ನೂ ದೀಪಾನ ಹಚ್ಚಿರೂದಿಲ್ಲ," ಎಂದೆ.

ನಾವು ಹಾಲ್ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಬಾಗಿಲು ಹಾಕಿತ್ತು. ಒಳಗಿನಿಂದ ಹಾಡು ಬರುತ್ತಿತ್ತು!

ಬಾಗಿಲ ಹತ್ತಿರ ಕೊರಳಿಗೆ ಬ್ಯಾಡ್ಜು ಹಾಕಿಕೊಂಡ ಹೆಣ್ಣುಮಗಳೊಬ್ಬಳು ತುಟಿಯ ಮೇಲೆ ಬೆರಳಿಟ್ಟು, "ನಾಕಕ್ಕ ಶುರು ಆಗೇತ್ರಿ. ದೀಪ, ಭಾಷಣ ಏನೂ ಇಲ್ಲ. ರೆಕಾರ್ಡ್ ಮಾಡಾಕ ಹತ್ಯಾರು, ಈ ಹಾಡ ಮುಗಿಲಿ, ಒಳಗ ಬಿಡತೀನಿ," ಎಂದು ಪಿಸುಗುಟ್ಟಿದಳು. ಗಂಗವ್ವ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಗೋಡೆಗೆ ಸುಣ್ಣ ಚೆನ್ನಾಗಿ ಬಳಿದಿದ್ದರು.

"ಕೊಡದ ಹಾಡ ಆಗಿ ಹೋತೇನವಾ?" ಎಂದು ಗಂಗವ್ವ ಆ ಹುಡುಗಿಯನ್ನು ಕೇಳಿದಳು.

"ಇಲ್ರಿ ಅಕ್ಕಾರ, ಅದು ಕಡೀಗಿ ಐತಿ."

ಜೀವ ಬಂತು. ನನಗೂ ಬಂತು.

ಒಳಗೆ ಹೋದರೆ ಹಾಲ್ ತುಂಬಿತ್ತು. ನಮ್ಮ ಮಂದಿ ಮುಂದಿನ ಸಾಲಿನಲ್ಲಿ ಎಂದೂ ಕೂರುವುದಿಲ್ಲ. ಅದು ಸಾಹೇಬರಿಗೆ ಎಂದು ಬಿಟ್ಟಿರುತ್ತಾರೆ. ಇಲ್ಲಿ ಸಾಹೇಬರೇ ಇರಲಿಲ್ಲ. ಹೀಗಾಗಿ ತಡವಾಗಿ ಬಂದ ಈ ಸಾಹೇಬನಿಗೆ ಮೊದಲ ಸಾಲಿನ ನಟ್ಟನಡುವಿನ ಕುರ್ಚಿ ಸಿಕ್ಕಿತು. ಎದುರಿಗೆ ಒಂದು ಕೋಲು, ಕೋಲಿನ ಮೇಲೆ ನನ್ನ ಕಡೆಗೆ ಮುಖ ಮಾಡಿದ ಒಂದು ಮೈಕು. ಚಪ್ಪಾಳೆ ಹಿಡಿಯಲು ಇಟ್ಟದ್ದಂತೆ. ಹಿಮ್ಮೇಳದವನ ಮುಂದೆ ಮೈಕು ಇಡುವುದೂ ಒಂದೇ, ಬೆಕ್ಕಿನ ಮುಂದೆ ಹಾಲು ಇಡುವುದೂ ಒಂದೇ.

ಕಲ್ಲೇಶಿ ಬರಿಗಾಲಲ್ಲಿ ನಿಂತಿದ್ದ. ಹಿಂದೆ ಯಾರೂ ಇಲ್ಲ. ಒಬ್ಬನೇ. ಒಂದು ಸಾಲು ಹಾಡಿ ನಿಂತ. ಗಿಟಾರು ತಂತಿ ಮಾತ್ರ ಮೀಟಿದ. ಆ ಸಾಲು ಗಾಳಿಯಲ್ಲಿ ನಿಂತುಕೊಂಡಿತು. ಯಾರೂ ಎತ್ತಿಕೊಳ್ಳಲಿಲ್ಲ. ಎರಡನೆಯ ಸಾಲು ಹಾಡಿದ. ಅದನ್ನೂ ಯಾರೂ ಎತ್ತಿಕೊಳ್ಳಲಿಲ್ಲ. ಇಷ್ಟು ಮಂದಿ ಇದ್ದು ಒಬ್ಬ ಹಾಡುಗಾರನನ್ನು ಹೀಗೆ ಅನಾಥ ಮಾಡುವುದೇ? ಮೂರನೆಯ ಸಾಲು ಮುಗಿದದ್ದೇ ತಡ, ನನ್ನ ಅಪ್ಪಣೆ ಕೇಳದೆ ನನ್ನ ಗಂಟಲು ಎದ್ದು ನಿಂತಿತು!

ನನ್ನ ದನಿ ಭಜನೆಯಲ್ಲಿ ಗುಡಿ ದಾಟಿ ಬಸ್‌ ಸ್ಟ್ಯಾಂಡಿನವರೆಗೆ ಕೇಳುತ್ತದೆ ಎಂದು ಹೇಳುತ್ತಾರೆ. ಮುಚ್ಚಿದ ಹಾಲ್‌ನಲ್ಲಿ, ಮೈಕಿನ ಎದುರಿಗೆ ಅದು ಏನು ಮಾಡಿತು ಎಂದು ನಾನು ವರ್ಣಿಸಲಾರೆ. ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡಿದ್ದ ಮನುಷ್ಯ ಕೂತಲ್ಲಿಂದ ಒಂದು ಗೇಣು ಮೇಲೆ ಹಾರಿದ.

ಕಲ್ಲೇಶಿ ಒಳ್ಳೆಯವನು. ನಕ್ಕ. "ಯಜಮಾನರೇ, ನಿಮ್ಮ ಪ್ರೀತಿ ದೊಡ್ಡದು. ಆದರೆ ಇವತ್ತು ಧ್ವನಿಮುದ್ರಣ ಇದೆ. ದಯವಿಟ್ಟು ಸುಮ್ಮನೆ ಕೇಳಿ," ಎಂದ. ನಾನು ಕೈ ಮುಗಿದೆ. ಗಂಗವ್ವ ಕೈ ಮುಗಿಯಲಿಲ್ಲ, ನನ್ನ ತೊಡೆ ಚಿವುಟಿದಳು.

ಮುಂದಿನ ಹಾಡಿಗೆ ನಾನು ಹೆಗಲ ಮೇಲಿನ ಟಾವೆಲನ್ನು ಬಾಯಿಗೆ ತುರುಕಿಕೊಂಡೆ. ಗಟ್ಟಿ ಉಪಾಯ ಎಂದುಕೊಂಡೆ. ಮೂಗಿನ ವಿಚಾರ ಮರೆತಿದ್ದೆ. ಸಾಲು ಮುಗಿದ ಕೂಡಲೇ ಮೂಗಿನಿಂದ ಶಹನಾಯಿಯಂಥ ಒಂದು ದನಿ ಹೊರಟಿತು. ತಾಳಕ್ಕೆ ಮಾತ್ರ ಸರಿಯಾಗಿ ಕೂತಿತ್ತು, ಅದನ್ನು ಯಾರೂ ಗಮನಿಸಲಿಲ್ಲ.

ಕಲ್ಲೇಶಿ ಮತ್ತೆ ನಿಲ್ಲಿಸಿದ. ಈ ಸಲ ನಗಲಿಲ್ಲ.

"ಟಾವೆಲ್ ತಗೀರಿ. ಇದನ್ನ ಹಾಕ್ಕೋರಿ," ಎಂದು ಗಂಗವ್ವ ಸಂಚಿಯಿಂದ ಎಲೆ ಅಡಿಕೆ ತೆಗೆದು ನಾಲ್ಕೆಲೆ ಒಟ್ಟಿಗೆ ಮಡಚಿ ನನ್ನ ಬಾಯಿಗಿಟ್ಟಳು. "ಬಾಯಿ ತುಂಬಿದ್ರ ಹಾಡಾಕ ಬರೂದಿಲ್ಲ." ನಾಲ್ಕು ಎಲೆ, ಒಂದು ಹಿಡಿ ಅಡಿಕೆ. ಖರೇನೇ ಬರಲಿಲ್ಲ. ಒಂದು ಹಾಡು ಪೂರ್ತಿ ನಾನು ದೇವರ ಮೂರ್ತಿಯಂತೆ ಕೂತೆ. ಗಂಗವ್ವನ ಮುಖ ಅರಳಿತು. ಆದರೆ ಎಲೆ ಹಾಕಿಕೊಂಡವನು ಯಾವಾಗಲಾದರೊಮ್ಮೆ ಉಗುಳಬೇಕು. ಹಾಲ್‌ನಲ್ಲಿ ಎಲ್ಲಿ ಉಗುಳುವುದು? ಕೆಂಪು ರಸ ಗಲ್ಲದ ಒಳಗೆ ಏರತೊಡಗಿತು. ನುಂಗಿದರೆ ಹೊಟ್ಟೆಯಲ್ಲಿದ್ದ ಮಿರ್ಚಿಯ ಜೊತೆ ಸೇರಿ ಉರಿಗೆ ಉರಿ. ಹಾಗೇ ಹಿಡಿದುಕೊಂಡೆ. ಮುಂದಿನ ಹಾಡು ಜೋರು ಧಾಟಿಯದು, ನಮ್ಮ ಭಜನೆಯ ಧಾಟಿಯೇ. ಮೊದಲ ಸಾಲು ಮುಗಿಯಿತು. ನಾನು ತಡೆದೆ. ದೇವರಾಣೆ, ತಡೆದೆ! ಎರಡನೆಯ ಸಾಲಿಗೆ ಬಾಯಿ ತೆರೆಯಿತು.

ವೇದಿಕೆಯ ಅಂಚಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಈಗ ಅದು ಪೂರ್ತಿ ಬಿಳಿ ಇರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನನ್ನೊಬ್ಬನ ಮಾನ ಹೋಗುತ್ತಿತ್ತು, ಹೋಗಲಿ. ಆದರೆ ನನ್ನ ಹಿಂದೆ ಎರಡು ಸಾಲು ಪೂರ್ತಿ ನಮ್ಮೂರ ಪಕ್ಕದ ಪುರ್ತಗೇರಿಯ ಭಜನೆಯವರು ಕೂತಿದ್ದರು. ಅವರೂ ಪಾಪ ನಾಲ್ಕು ಗಂಟೆಯಿಂದ ಗಂಟಲು ಹಿಡಿದುಕೊಂಡೇ ಕೂತವರು. ನಾನು ಎತ್ತಿದ್ದು ಕೇಳಿ ಅವರ ಕಟ್ಟೆ ಒಡೆಯಿತು. ಹನ್ನೆರಡು ಮಂದಿ ಒಟ್ಟಿಗೆ ಸಾಲು ಎತ್ತಿಕೊಂಡರು. ಅವರ ಹಿಂದಿನವರು ಅವರ ಹಿಂದೆ. ಯಾರೋ ಚೀಲದಿಂದ ತಾಳವನ್ನೇ ತೆಗೆದರು! ಹಾಡು ಕೇಳಲು ಬರುವಾಗ ತಾಳ ಯಾಕೆ ತಂದಿದ್ದರು ಎಂದು ಕೇಳಬೇಡಿ. ಹಾಡು ಎಂದ ಮೇಲೆ ನಮ್ಮ ಕಡೆ ಕೈ ಬೀಸಿಕೊಂಡು ಯಾರು ಹೋಗುತ್ತಾರೆ? ಹಾಲ್ ಗುಡಿಯಾಯಿತು. ಕಲ್ಲೇಶಿ ಗಿಟಾರಿನ ಮೇಲೆ ಕೈಯಿಟ್ಟು ನಿಂತುಬಿಟ್ಟ. ಅವನು ನಿಲ್ಲಿಸಿದ ಮೇಲೂ ನಾವು ಎರಡು ಸುತ್ತು ಹಾಡಿದೆವು.

ಹೆಡ್‌ಫೋನಿನವನು ಹೆಡ್‌ಫೋನ್ ತೆಗೆದು ತಲೆ ಹಿಡಿದುಕೊಂಡಿದ್ದ. ಕಲ್ಲೇಶಿ ನೀರು ಕುಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ದಣಿವು ಇತ್ತು. ಸಿಟ್ಟಾಗಿದ್ದರೆ ನನಗೆ ಚೆನ್ನಾಗಿರುತ್ತಿತ್ತು.

"ಇನ್ನು ಉಳಿದಿರುವುದು ಕೊಡದ ಹಾಡು ಒಂದೇ," ಎಂದ ಮೆಲ್ಲಗೆ. "ಅದನ್ನು ನಾನು ಯಾವತ್ತೂ ಪೂರ್ತಿ ಮೌನದಲ್ಲಿ ಹಾಡುವವನು. ಮೌನ ಸಿಗದಿದ್ದರೆ ಇವತ್ತು ಬಿಟ್ಟುಬಿಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ."

ಹಾಲ್‌ ತಣ್ಣಗಾಯಿತು. ಪುರ್ತಗೇರಿಯವರು ತಾಳವನ್ನು ಚೀಲಕ್ಕೆ ಹಾಕಿದರು. ಎಲ್ಲರೂ ನನ್ನ ಬೆನ್ನು ನೋಡುತ್ತಿದ್ದರು, ನನಗೆ ತಿಳಿಯುತ್ತಿತ್ತು. ಗಂಗವ್ವ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ತಯಾರಾಗಿ ಕೂತೆ. ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು.

"ನಿಮ್ಮ ಕೈಲಿ ಆಗೂದಿಲ್ರಿ. ನೀವೂ ಏನ ಮಾಡತೀರಿ," ಎಂದಳು. "ಎದ್ದ ಹೊರಗ ಹೋಗ್ರಿ."

ನನಗೆ ನಾಚಿಕೆಯಾಯಿತು. ಹಾಲ್ ತುಂಬ ಮಂದಿ ನೋಡಿದ್ದಕ್ಕಲ್ಲ. ಇವಳು ಎರಡು ವರ್ಷ ಕಾದ ಒಂದೇ ಹಾಡಿಗೆ ನಾನೇ ಅಡ್ಡ ಕೂತಿದ್ದೇನಲ್ಲ ಎಂದು. ಎದ್ದೆ. ಜೀವನದಲ್ಲಿ ಒಂದು ಒಳ್ಳೆಯ ಕೆಲಸ ಮಾಡುವ ಗಳಿಗೆ ಬಂದಿತ್ತು. ಅದನ್ನು ಸದ್ದಿಲ್ಲದೆ, ಗಂಭೀರವಾಗಿ ಮಾಡಬೇಕು ಎಂದು ತುದಿಗಾಲಲ್ಲಿ ಪಕ್ಕದ ಬಾಗಿಲ ಕಡೆಗೆ ನಡೆದೆ. ತುದಿಗಾಲಲ್ಲಿ ನಡೆಯುವವನು ನೆಲ ನೋಡಬೇಕು. ನಾನು ಕಲ್ಲೇಶಿಯ ಕಡೆ ನೋಡಿ ಕೈ ಮುಗಿಯುತ್ತ ನಡೆದೆ. ಕಾಲಿಗೆ ಒಂದು ದಪ್ಪ ವಾಯರು ತೊಡರಿತು. ಬಿಡಿಸಿಕೊಳ್ಳಲು ಕಾಲು ಝಾಡಿಸಿದೆ. ಮೂಲೆಯಲ್ಲಿ ಏನೋ ಕಿತ್ತು ಬಂತು.

ಮೈಕು ಸತ್ತವು. ವೇದಿಕೆಯ ದೀಪ ಆರಿತು. ಹೆಡ್‌ಫೋನಿನವನು "ಅಯ್ಯೋ!" ಎಂದ. ಅದನ್ನು ಮಾತ್ರ ನಾನು ತಿರುಗಿ ಹಾಡಲಿಲ್ಲ.

ಬಾಗಿಲ ಹುಡುಗಿ ಓಡಿ ಬಂದು ನನ್ನ ರಟ್ಟೆ ಹಿಡಿದು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡಳು. ಬಾಗಿಲು ಮುಚ್ಚುವ ಮೊದಲು ನಾನು ಕಂಡದ್ದು ಇಷ್ಟು. ಕಲ್ಲೇಶಿ ಗಿಟಾರನ್ನು ಕೆಳಗಿಟ್ಟ, ಬಂದು ವೇದಿಕೆಯ ಅಂಚಿಗೆ, ನಾನು ಕೆಂಪು ಮಾಡಿದ ಬಟ್ಟೆಯ ಹತ್ತಿರವೇ, ಕಾಲು ಇಳಿಬಿಟ್ಟು ಕೂತ. "ಇರಲಿ ಬಿಡಿ. ರೆಕಾರ್ಡ್ ಬೇಡ. ಬರೀ ಬಾಯಲ್ಲೇ ಹಾಡುತ್ತೇನೆ," ಎಂದ. ಅವನ ಎದುರಿಗೆ ಎರಡು ಮಾರು ದೂರದಲ್ಲಿ ಗಂಗವ್ವ ಕೂತಿದ್ದಳು, ಸೆರಗು ಬಿಗಿ ಹಿಡಿದುಕೊಂಡು.

ಹೊರಗೆ ನಾನು ಗೋಡೆಗೆ ಕಿವಿ ಹಚ್ಚಿದೆ. ಏನೂ ಕೇಳಲಿಲ್ಲ. ಮೈಕು ಇದ್ದಿದ್ದರೆ ಕೇಳುತ್ತಿತ್ತು. ಮೈಕು ಕಿತ್ತವನು ನಾನೇ. ಹಾಲ್‌ನ ಪಕ್ಕದಲ್ಲೇ ಒಂದು ಹಿಟ್ಟಿನ ಗಿರಣಿ, ಯಾರದೋ ಜೋಳ ಬೀಸುತ್ತ ಗರ್ರ್ ಎನ್ನುತ್ತಿತ್ತು. ಕಿಟಕಿಯ ಕಡೆ ಹೋದೆ. ಮುಚ್ಚಿತ್ತು. ಮೆಟ್ಟಿಲ ಮೇಲೆ ಹಾಲ್ ಕಾಯುವ ಮುದುಕರೊಬ್ಬರು ತಂಬಾಕು ತಿಕ್ಕುತ್ತ ಕೂತಿದ್ದರು.

"ಒಳಗ ಏನ ನಡದೈತ್ರಿ?" ಎಂದರು.

"ಹಾಡ್ರಿ."

"ಮತ್ತ ನೀವ್ಯಾಕ ಹೊರಗ ಬಂದ್ರಿ?"

"ಹಾಡಿದೆ, ಅದಕ್ಕ ಹೊರಗ ಹಾಕಿದ್ರು."

ಮುದುಕರು ತಂಬಾಕು ತಿಕ್ಕುವುದು ನಿಲ್ಲಿಸಿ ಬಹಳ ಹೊತ್ತು ನನ್ನನ್ನೇ ನೋಡಿದರು. "ಹಾಡಿನ ಕಾರ್ಯಕ್ರಮದಾಗ ಹಾಡಿದ್ದಕ್ಕ?" ಎಂದರು. "ಎಂಥಾ ಕಾಲ ಬಂತಪಾ!" ಆ ದಿನ ನನ್ನ ಪಕ್ಷ ವಹಿಸಿದವರು ಅವರೊಬ್ಬರೇ. ಅವರ ಪಕ್ಕದಲ್ಲಿ ಕೂತೆ. ಗಿರಣಿಯ ಹಾಡು ಕೇಳಿದೆ. ಅದಕ್ಕೆ ಹಿಮ್ಮೇಳ ಬೇಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಂದಿ ಹೊರಬಂದರು. ಪುರ್ತಗೇರಿಯವರು ನನ್ನನ್ನು ಕಂಡು ಗುರುತೇ ಇಲ್ಲದವರಂತೆ ಹೋದರು. ಗಂಗವ್ವ ಎಲ್ಲರಿಗಿಂತ ಕೊನೆಗೆ ಬಂದಳು. ಮುಖ ತೊಳೆದಂತೆ ಇತ್ತು. ನೆಟ್ಟಗೆ ಬಸ್‌ ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಿಂದೆ.

ರೋಣದ ತನಕ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ರೋಣದಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ನನಗೆ ಇನ್ನು ತಡೆಯಲಾಗಲಿಲ್ಲ.

"ಹ್ಯಾಂಗಿತ್ತು?" ಎಂದೆ.

"ಭಾಳ ಚಲೋ ಇತ್ರಿ. ಬರೇ ದನಿ. ಇಡೀ ಹಾಲ್ ಉಸರ ಹಿಡದ ಕುಂತಿತ್ತು. ಒಬ್ಬರೂ ಕೆಮ್ಮಲಿಲ್ಲ."

"ಹಂಗಾರ ನಿನ್ನ ಆಸೆ ತೀರಿತಲ್ಲ?"

"ತೀರಿತ್ರಿ." ಮತ್ತೆ ಕಿಟಕಿಯ ಕಡೆ ತಿರುಗಿದಳು. "ಆದ್ರ ಏನೋ ಕಮ್ಮಿ ಬಿತ್ತು ಅನಸ್ತು."

ನನ್ನ ಎದೆ ಉಬ್ಬಿತು. ಸಂಜೆಯಿಂದ ಬಿದ್ದ ಏಟೆಲ್ಲ ಒಂದು ಕ್ಷಣದಲ್ಲಿ ಮಾಯ! ಎರಡು ವರ್ಷ ಪ್ರತಿ ಸಾಲು ಎತ್ತಿಕೊಟ್ಟವನ ದನಿ ಇಲ್ಲದೆ ಆ ಹಾಡು ಹೇಗೆ ತುಂಬೀತು? ದೊಡ್ಡವರಂತೆ ಮೀಸೆ ಸವರಿಕೊಂಡು, "ನನಗ ಮೊದಲ ಗೊತ್ತಿತ್ತು. ರೂಢಿ ಅಂದ್ರ ರೂಢಿ. ನನ್ನ ದನಿ ಇಲ್ದ ನಿನಗ…" ಎಂದು ಶುರು ಮಾಡಿದೆ.

"ನಿಮ್ಮ ದನಿ ಅಲ್ರಿ," ಎಂದಳು ಗಂಗವ್ವ, ನನ್ನ ಕಡೆ ತಿರುಗದೆಯೇ. "ಮಗ್ಗದ ಸಪ್ಪಳ. ಅದು ಇದ್ರ ಆ ಹಾಡು ನಮ್ಮ ಮನ್ಯಾಗ ಸಾವಕಾಶ ಕುಂತ ಹಾಡಿದಂಗ ಇರತೈತಿ. ಇವತ್ತ ಅದಿಲ್ದ ಲಗೂ ಮುಗದ ಹೋದಂಗ ಅನಸ್ತು. ನಾಳೆ ಮಧ್ಯಾಹ್ನ ಕ್ಯಾಸೆಟ್ ಹಾಕತೀನಿ. ನೀವು ಬರೇ ನೇಯ್ರಿ. ಬಾಯಿ ಬ್ಯಾಡ."

ಇಪ್ಪತ್ತೆರಡು ವರ್ಷ ನಾನು ನಂಬಿದ್ದು ಗಂಟಲನ್ನು. ನನ್ನ ಮೈಯಲ್ಲಿ ಸಂಗೀತಕ್ಕೆ ಉಪಯೋಗ ಬೀಳುವ ಭಾಗ ಮಗ್ಗ ತುಳಿಯುವ ಕಾಲಂತೆ!

"ಹೂಂ," ಎಂದೆ. ಒಂದೇ ಸಲ.